ಸಿಂಕಿಗೆ ಸುರಿದ ಚಹಾ

ಆಗೆಲ್ಲ ಅಮೆರಿಕದ ಎಡಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನ ನಾಲ್ಕಾಯಿತೆಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಸ್ಕೂಲ್ ಬಸ್ಸಿಳಿದು ಮೆಟ್ಟಿಲು ಹತ್ತುವಾಗಲೇ ಜಜ್ಜಿದ ಶುಂಠಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಧಾರವಾಡದವಳಾದ ಅಮ್ಮ ಚಹಾ ಕುದಿಸಿ, ಚುರಮುರಿಗೆ ಒಗ್ಗರಣೆ ಹಾಕಿಟ್ಟಿರುತ್ತಿದ್ದಳು. ಗಂಡಂದಿರ ವೀಸಾದ ಮೇಲೆ ಬಂದದ್ದರಿಂದ ಕೆಲಸಕ್ಕೆ ಹೋಗಲಾಗದ ಕೆಳಗಿನ ಮನೆಗಳ ಆಂಟಿಯರು ಬರುತ್ತಿದ್ದರು. ಅಮ್ಮ ಬಾಯಿ ತುಂಬ ನಗುತ್ತಿದ್ದುದು ಆ ಒಂದು ತಾಸು ಮಾತ್ರ.

ನಾನು ಐದನೇ ಗ್ರೇಡಿನಲ್ಲಿದ್ದಾಗ ಅಪ್ಪನ ಅಕ್ಕ ಮೈಸೂರಿನಿಂದ ಬಂದರು. ಬಂದ ಮರುದಿನವೇ ಪಾತ್ರೆಯೊಳಗೆ ಇಣುಕಿ ಮೂಗು ಮುರಿದರು.

"ಇದೇನೇ ಗಿರಿಜಾ, ಹೊತ್ತಲ್ಲದ ಹೊತ್ತಲ್ಲಿ ಕಷಾಯ? ನಮ್ಮನೇಲಿ ಕಾಫಿ ಬಿಟ್ಟು ಇನ್ನೊಂದು ಕುಡಿದೋರೇ ಇಲ್ಲ."

"ನಮ್ಮ ಕಡೆ ಚಾ ಇಲ್ದ ಸಂಜಿ ಆಗಂಗಿಲ್ರೀ ಅಕ್ಕಾರ," ಎಂದಳು ಅಮ್ಮ.

ಅಂದಿನಿಂದ ಅತ್ತೆ ಮೂರೂವರೆಗೇ ಹಾಲು ಕಾಯಿಸುವ ನೆಪದಲ್ಲಿ ಒಲೆಯ ಮುಂದೆ ನಿಂತುಬಿಡುತ್ತಿದ್ದರು. ಅಮ್ಮ ಹಿಂದೆ ಕೈಕಟ್ಟಿ ಕಾಯುತ್ತಿದ್ದಳು. ಇಂಗ್ಲೆಂಡಿನ ದೊರೆಸಾನಿಯೊಬ್ಬಳಿಗೆ ಎರಡು ಊಟಗಳ ನಡುವೆ ಹಸಿವಾಗಿ ಮಧ್ಯಾಹ್ನದ ಚಹಾ ಶುರುವಾಯಿತಂತೆ ಎಂದು ಲೈಬ್ರರಿಯಲ್ಲಿ ಓದಿದ್ದನ್ನು ನಾನು ಹೇಳಿದ್ದೇ ತಡ, ಅತ್ತೆ ಹಿಡಿದುಕೊಂಡರು.

"ನೋಡು, ಬಿಳಿಯರು ಹತ್ತಿಸಿದ ಚಟ!"

"ಕಾಫಿ ಏನು ನಿಮ್ಮ ಹಿತ್ತಲದಾಗ ಹುಟ್ಟೇದೇನ್ರೀ? ಅದೂ ಅರಬಸ್ತಾನದಿಂದ ಬಂದದ್ದು," ಎಂದು ಅಮ್ಮ ತಿರುಗಿಬಿದ್ದಳು.

ಒಂದು ಶುಕ್ರವಾರ ಆಂಟಿಯರು ಬಂದು ಕುಳಿತಿದ್ದರು. ಅತ್ತೆ ಕುದಿಯುತ್ತಿದ್ದ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ ಸಿಂಕಿಗೆ ಸುರಿದರು.

"ಇದು ನನ್ನ ತಮ್ಮನ ಮನೆ. ಹೋಟೆಲ್ಲಲ್ಲ."

"ಇಟ್ಸ್ ಮೈ ಮಾಮ್ಸ್ ಹೌಸ್ ಟೂ!" ಎಂದು ನಾನು ಕಿರುಚಿದೆ. ಆಂಟಿಯರು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡರು.

ಸಂಜೆ ಟ್ರೇನಿಳಿದು ಬಂದ ಅಪ್ಪನನ್ನು ಅಮ್ಮ ಬಾಗಿಲಲ್ಲೇ ತಡೆದಳು.

"ಇದು ಯಾರ ಮನಿ? ನಿಮ್ಮ ಅಕ್ಕಾರ ಮುಂದ ಹೇಳ್ರಿ."

ಅಪ್ಪ ಶೂ ಬಿಚ್ಚುತ್ತ, "ಅಕ್ಕ ಇರೋವರ್ಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋ," ಎಂದರು.

ಅಮ್ಮ ಮರುದಿನ ಚಹಾಪುಡಿಯ ಡಬ್ಬಿ, ಸೋಸುವ ಜಾಲರಿ ಎತ್ತಿಕೊಂಡು ಕೆಳಗಿನ ಆಂಟಿಯೊಬ್ಬರ ಮನೆಗೆ ಹೋದಳು. ಆಮೇಲೆ ದಿನವೂ ಹೋದಳು. ಅತ್ತೆ ಮೈಸೂರಿಗೆ ಹಿಂದಿರುಗಿದ ಮೇಲೆ ಅಪ್ಪ, "ಇನ್ನು ಇಲ್ಲೇ ಮಾಡು," ಎಂದರು.

"ಈ ಒಲಿ ಮ್ಯಾಲೆ ನಾ ಒಲ್ಲೆ."

ಆ ಮಾತನ್ನು ಅವಳು ಇವತ್ತಿಗೂ ಮುರಿದಿಲ್ಲ.

ಈಗ ಎಡಿಸನ್ನಿನ ಚಾಯ್ ಅಂಗಡಿಗಳ ಮುಂದೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಆಂಟಿಯರು ಒಬ್ಬೊಬ್ಬರಾಗಿ ಬೇರೆ ಊರುಗಳಲ್ಲಿ ಮನೆ ಕೊಂಡು ಹೋದರು. ರಿಟೈರಾದ ಅಪ್ಪ ಮೈಕ್ರೋವೇವಿನಲ್ಲಿ ನೀರು ಬಿಸಿ ಮಾಡಿ, ಟೀ ಬ್ಯಾಗ್ ಅದ್ದಿಕೊಂಡು ಕುಡಿಯುತ್ತಾರೆ. ಅಮ್ಮ ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಆ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು "ಕುಡೀತೀರಾ?" ಎಂದು ಕೇಳಿ ಎಷ್ಟೋ ವರ್ಷಗಳಾದವು.