ರೋಸಿಲಿ ಚೇಚಿ ನಗಲಿಲ್ಲ

ಇರಿಂಜಾಲಕುಡದ ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರೋಸಿಲಿ ಚೇಚಿಗಿಂತ ಹಳಬರು ಯಾರೂ ಇರಲಿಲ್ಲ. ನನಗೆ ನರ್ಸ್ ಕೆಲಸ ಕಲಿಸಿದವರೂ ಅವರೇ. ಚೇಚಿ ಎಂದರೆ ನಮ್ಮ ಮಲಯಾಳಂನಲ್ಲಿ ಅಕ್ಕ.

ಆ ಬೆಳಿಗ್ಗೆ ಫಿದಾ ಎಂಬ ಹುಡುಗಿ ಮಿದುಳು ಜ್ವರದಿಂದ ತೀರಿಕೊಂಡಳು. ಇನ್ನೂ ಶಾಲೆಗೆ ಸೇರದ ಮಗು. ಚೇಚಿ ಅವಳ ಮೈ ಒರೆಸಿ, ಕೂದಲು ಬಾಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಾಯಿಯ ತೋಳಿಗೆ ಕೊಟ್ಟರು. ಆ ತಾಯಿ ಚೇಚಿಯ ಮಣಿಕಟ್ಟು ಹಿಡಿದು ಬಿಡಲೇ ಇಲ್ಲ. ಅಷ್ಟರಲ್ಲಿ ಆಫೀಸಿನಿಂದ ಫೋನು: ಎಲ್ಲರೂ ಮೇಲಿನ ಹಾಲ್‌ಗೆ ಬರಲೇಬೇಕು.

ಮೇಲೆ ಎರ್ನಾಕುಲಂನಿಂದ ಬಂದ ತರಬೇತುದಾರನೊಬ್ಬ ನಿಂತಿದ್ದ. ನರ್ಸುಗಳು ಒಬ್ಬೊಬ್ಬರಾಗಿ ಕುವೈತ್, ಐರ್ಲೆಂಡ್ ಎಂದು ಬಿಟ್ಟು ಹೋಗುತ್ತಿದ್ದರಲ್ಲ, ಉಳಿದವರನ್ನು ಹಿಡಿದಿಟ್ಟುಕೊಳ್ಳಲು ಆಡಳಿತದವರು ಕಂಡುಕೊಂಡ ದಾರಿ ಇದು: ನಗುವ ತರಬೇತಿ!

"ಕೈ ಮೇಲೆತ್ತಿ! ಹೊಟ್ಟೆಯಿಂದ ನಗಿ! ಹಾ ಹಾ ಹಾ!"

ಕೆಲಸ ಉಳಿಯಬೇಕಲ್ಲ, ನಕ್ಕೆವು.

"ಹಿಂದಿನ ಸಾಲಿನ ಸಿಸ್ಟರ್, ನೀವ್ಯಾಕೆ ನಗ್ತಿಲ್ಲ? ಮನೇಲಿ ಜಗಳಾನಾ?"

ಚೇಚಿ ಎದ್ದು ನಿಂತರು. "ಈಗಷ್ಟೇ ಒಂದು ಮಗೂನ ಬಟ್ಟೇಲಿ ಸುತ್ತಿ ಅದರಮ್ಮನ ಕೈಗೆ ಕೊಟ್ಟು ಬಂದೆ ಸಾರ್. ಹೆಂಗೆ ನಗೋದು? ನೀವೇ ಹೇಳ್ಕೊಡಿ."

ಮ್ಯಾನೇಜರ್ ಪೌಲೋಸ್ ಸಾರ್ ಕೆಮ್ಮಿದರು. "ರೋಸಿಲಿ, ದೂರು ಹೇಳೋ ಜಾಗ ಅಲ್ಲ ಇದು. ನಾವೆಲ್ಲ ಒಂದೇ ಕುಟುಂಬ."

"ಕುಟುಂಬಾನಾ? ಮೂವತ್ತು ಮಕ್ಕಳಿಗೆ ನಾವಿಬ್ಬರು. ನಿನ್ನೆ ಮನೆಯಿಂದ ತಂದ ಅನ್ನ ಹಳಸಿತು, ಬಕೆಟ್‌ಗೆ ಸುರಿದೆ. ಬಾತ್‌ರೂಮಿಗೆ ಹೋಗ್ಬೇಕಂದ್ರೂ ಇನ್ನೊಬ್ಬಳ ಮುಖ ನೋಡ್ಬೇಕು. ಯಾವ ಕುಟುಂಬದಲ್ಲಿ ಹಿಂಗಿರುತ್ತೆ ಸಾರ್? ಇವರಿಗೆ ಕೊಡೋ ದುಡ್ಡಲ್ಲಿ ಇನ್ನೊಬ್ಬ ಸಿಸ್ಟರ್‌ನ ಇಡಿ. ಆಮೇಲೆ ಯಾರು ಬಿಟ್ಟೋಗ್ತಾರೆ ನೋಡೋಣ!"

ಮರುವಾರವೇ ಚೇಚಿಯನ್ನು ನೆಲಮಾಳಿಗೆಗೆ ಹಾಕಿದರು, ಹಾಸಿಗೆ ಬಟ್ಟೆ ಎಣಿಸಲು. 'ನಿಮ್ಮ ಮನಸ್ಸಿಗೆ ವಿಶ್ರಾಂತಿ ಬೇಕು' ಎಂದರಂತೆ. ಎಂಥ ಕರುಣೆ! ಮೇಲೆ ವಾರ್ಡಿನಲ್ಲಿ ಹೊಸ ಹುಡುಗಿಯರು ಎಳೆಗೂಸುಗಳ ಕೈಗೆ ಮತ್ತೆ ಮತ್ತೆ ಸೂಜಿ ಚುಚ್ಚಿ, ನರ ಸಿಗದೆ ತಾವೂ ಅಳುತ್ತಿದ್ದರು. ಕೆಳಗೆ ಚೇಚಿ ದಿಂಬಿನ ಚೀಲ ಮಡಚುತ್ತಿದ್ದರು. ಓಣಂ ಮುಗಿಯುತ್ತಲೇ ರಾಜೀನಾಮೆ ಕೊಟ್ಟು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವ ಪಂಚಾಯತಿಯ ಕೆಲಸಕ್ಕೆ ಸೇರಿಕೊಂಡರು.

ಮೊನ್ನೆ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದೆ. ಪೌಲೋಸ್ ಸಾರ್ ಗೇಟಿನಲ್ಲೇ ತಡೆದರು. "ಪ್ರಸೀದಾ, ಜಿನ್ಸಿಗೆ ಜ್ವರ. ಮಧ್ಯಾಹ್ನದ ಪಾಳಿಗೂ ನೀನೇ ಬಾ. ಹಾಂ, ನೀನಂದ್ರೆ ರೋಸಿಲಿಗೆ ಇಷ್ಟ ಅಲ್ವಾ? ವಾಪಸ್ ಬರೋಕೆ ಹೇಳು."

ಅಲ್ಲಿಂದ ನೇರ ಚೇಚಿಯ ಮನೆಗೆ ಹೋದೆ. ಭಾನುವಾರವಾದ್ದರಿಂದ ಚೇಚಿ ಹಿತ್ತಲಲ್ಲಿ ಕೂತು ಮತ್ತಿ ಮೀನು ಶುಚಿ ಮಾಡುತ್ತಿದ್ದರು. ಬಂದ ವಿಷಯ ಹೇಳಿದೆ.

"ವಾರ್ಡಲ್ಲಿ ಈಗ ಎಷ್ಟು ಜನ ಇದೀರಿ?"

"ಇಬ್ಬರೇ, ಚೇಚಿ."

"ಹಾಗಿದ್ಮೇಲೆ ಯಾವ ಮುಖ ಇಟ್ಕೊಂಡು ಕರೀತಾನೆ ಅವನು?" ಚೇಚಿ ಮೀನು ಬಿಟ್ಟು ಎದ್ದರು. ನನ್ನ ಗಲ್ಲ ಎತ್ತಿ ನೋಡಿದರು. "ಕಣ್ಣು ನೋಡು ಹೆಂಗಾಗಿದೆ. ಏನಾದ್ರೂ ತಿಂದ್ಯಾ?"

ಇಲ್ಲವೆಂದೆ. ಬೇಯಿಸಿದ ಮರಗೆಣಸು, ನಿನ್ನೆಯ ಮೀನು ಸಾರು ಬಡಿಸಿದರು. ತಿಂದು ಮಂಚದ ಮೇಲೆ ಸುಮ್ಮನೆ ಒರಗಿದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಜಗಲಿಯಲ್ಲಿ ಚೇಚಿ ನನ್ನ ಫೋನು ಹಿಡಿದು ಮಾತಾಡುತ್ತಿದ್ದರು. ಆ ಕಡೆಯಿಂದ ಪೌಲೋಸ್ ಸಾರ್ ಅರಚುವುದು ಮಂಚದವರೆಗೂ ಕೇಳುತ್ತಿತ್ತು.

"ಎಬ್ಬಿಸಲ್ಲ ಸಾರ್. ರಾತ್ರಿಯಿಡೀ ದುಡಿದ ಹುಡುಗಿ ಅದು, ಯಂತ್ರ ಅಲ್ಲ. ಸಿಸ್ಟರ್ ಬೇಕಂದ್ರೆ ಕೆಲಸಕ್ಕೆ ತಗೊಳ್ಳಿ. ಅಷ್ಟು ಅವಸರ ಇದ್ರೆ ನೀವೇ ಹೋಗಿ ವಾರ್ಡಲ್ಲಿ ನಿಂತ್ಕೊಳ್ಳಿ!"

ಆ ದಿನದ ಸಂಬಳ ಹಿಡಿದರು. ಹಿಡಿಯಲಿ.