ಹಳ್ಳದಾಚೆಯ ಬಿಳಿ ಹೂ

ನನ್ನ ತಮ್ಮ ಕಾಡಿನ ಕಾಲುದಾರಿ ನೋಡಿಕೊಳ್ಳುವ ಕೆಲಸದವನು. ಬಿದ್ದ ಕೊಂಬೆ ಎಳೆದು ಹಾಕುವುದು, ಮೆಟ್ಟಿಲಿಗೆ ಮಣ್ಣು ತುಂಬುವುದು, ಹಳ್ಳದ ಮೇಲಿನ ಹಲಗೆ ಸಡಿಲಾದರೆ ಮೊಳೆ ಹೊಡೆಯುವುದು. ಮೂವತ್ತೊಂದು ವರ್ಷವಾಯಿತು. ದಾರಿ ಶುರುವಾಗುವಲ್ಲೇ ಅವನ ಮನೆ. ನಮ್ಮ ಯಜಮಾನರು ಹೋದ ಮೇಲೆ ನಾನೂ ಅಲ್ಲೇ ಇದ್ದೇನೆ.

ಹಳ್ಳ ದಾಟಿದರೆ, ತಿರುವಿನಲ್ಲಿ, ವಸಂತಕ್ಕೆ ಒಂದು ಬಿಳಿ ಹೂ ಬಿಡುತ್ತದೆ. ಗೇಣುದ್ದದ ಗಿಡ, ಮೂರೇ ಎಸಳು. ಬೀಜ ಬಿದ್ದು ಹೂವಾಗಲು ಏಳು ವರ್ಷ ಬೇಕು. ಮೊದಲಿದ್ದ ಗಿಡಗಳ ಮೇಲೆ ದೊಡ್ಡ ಮರ ಉರುಳಿ ಎಲ್ಲ ಹೋದವು. ಅಳಿದುಳಿದ ಬೀಜವನ್ನು ತಮ್ಮನೇ ಹೆಕ್ಕಿ ಅಲ್ಲೇ ಹಾಕಿದ್ದ. ಈ ವರ್ಷ ಹತ್ತೊಂಬತ್ತು ಹೂ ಬಂದವು. ಬೇರೆ ಎಲ್ಲೂ ಇಲ್ಲ.

ಅದೇ ಹೊತ್ತಿಗೆ ಅರಣ್ಯ ಆಫೀಸಿನವರು ದಾರಿಯ ಎರಡೂ ಬದಿ ಹುಲ್ಲು ಕೊಯ್ಯಲು ಮೆಷಿನ್ ಕಳಿಸುತ್ತಾರೆ. ಬೀಜ ಕಟ್ಟುವ ಮುಂಚೆ ಕೊಯ್ದರೆ ಆ ಹೂವಿನ ಕಥೆ ಮುಗಿಯಿತು. ತಮ್ಮನೇ ಹೋಗಿ ಹೂಗಳ ಸುತ್ತ ನಾಲ್ಕು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ. ಅಲ್ಲಿ ಕೊಯ್ಯಬೇಡಿ ಎಂದು ಆಫೀಸಿಗೂ ಹೇಳಿ ಬಂದ.

ಕೆಂಪು ಬಟ್ಟೆ ಕಂಡ ಮೇಲೆ ಜನ ಸುಮ್ಮನಿರುತ್ತಾರೆಯೇ? ಒಳಗೇ ನುಗ್ಗಿದರು. ಫೋಟೋ ತೆಗೆದರು, ಕಿತ್ತು ಮುಡಿದುಕೊಂಡರು. ಮೂರು ದಿನಕ್ಕೆ ಹನ್ನೊಂದು ಉಳಿದವು.

ಆಗ ತಮ್ಮನೇ ಕೋಲು ಕಿತ್ತು ಇಪ್ಪತ್ತು ಹೆಜ್ಜೆ ಈಚೆ, ತುರಿಕೆ ಗಿಡದ ಪೊದೆಯ ಸುತ್ತ ನೆಟ್ಟ.

“ಈಗ ನುಗ್ಗಲಿ,” ಅಂದ.

“ಕೊಯ್ಯೋರಿಗೆ ಗೊತ್ತಾಗೋದು ಬೇಡ್ವೇನೋ?”

“ಅವರು ಬರೋದು ಸೋಮವಾರ, ಅಕ್ಕಾ. ಭಾನುವಾರ ವಾಪಸ್ ನೆಡ್ತೀನಿ.”

ಅವರು ಶನಿವಾರವೇ ಬಂದರು. ಚಹಾ ಕುಡಿಯುತ್ತಿದ್ದಾಗ ಹಳ್ಳದಾಚೆ ಸದ್ದು ಕೇಳಿತು. ಲೋಟ ಇಟ್ಟವನೇ ತಮ್ಮ ಓಡಿದ. ನಾನು ನನ್ನ ಮಂಡಿ ಕೇಳಿದಷ್ಟು ಬೇಗ ಹೋದೆ. ಹೋಗುವಷ್ಟರಲ್ಲಿ ಅವನು ಹೂವಿನ ಮುಂದೆ ನೆಲದಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಮೆಷಿನಿನವನು ಮೆಷಿನ್ ಆರಿಸಿ ಎರಡು ಮಾರು ಹಿಂದೆ ಸರಿದು ನಿಂತಿದ್ದ.

“ಏನ್ ಯಜಮಾನ್ರೇ, ಕಾಲು ಹೆಚ್ಚಾಗಿದ್ಯಾ? ಕೆಂಪು ಬಟ್ಟೆ ಬಿಟ್ಟು ಕೊಯ್ಯಿ ಅಂದ್ರು, ಬಿಟ್ಟಿದೀನಿ. ಒಂದೆಲೆ ಮುಟ್ಟಿಲ್ಲ, ನೋಡ್ಕೊಳ್ಳಿ!”

ನಿಜ. ಪೊದೆ ಮದುಮಗನ ಹಾಗೆ ನಿಂತಿತ್ತು.

“ಅದು ತುರಿಕೆ ಗಿಡ ಕಣಪ್ಪಾ,” ಅಂದೆ.

“ತುರಿಕೆ ಗಿಡಕ್ಕೆ ಇಷ್ಟೊಂದು ಮರ್ಯಾದೆನಾ?”

ತಮ್ಮನಿಗೆ ಆಗ ಉಸಿರು ಬಂತು. “ಇದನ್ನ ಉಳಿಸಬೇಕಾಗಿದ್ದು. ಬಗ್ಗಿ ನೋಡು.”

ಅವನು ಬಗ್ಗಿದ. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಮೂರು ಹೂ ಆಗಲೇ ತುಂಡಾಗಿ ಬಿದ್ದಿದ್ದವು. ಅವನು ಮೆಷಿನ್ ಕೆಳಗಿಟ್ಟು, ಕುಡುಗೋಲು ತಂದು, ಉಳಿದ ಎಂಟರ ಸುತ್ತಲ ಹುಲ್ಲನ್ನು ಕೈಯಲ್ಲೇ ಕೊಯ್ದು ಹೋದ. ನಾವಿಬ್ಬರೂ ಅಲ್ಲೇ ಕೂತು ಹೂ ನೋಡಿದೆವು. ಎಸಳಿನ ಬುಡದಲ್ಲಿ ತೆಳು ಹಸಿರು ಗೆರೆ ಇರುವುದು ನನಗೆ ಅಂದೇ ಕಂಡದ್ದು.

ಎಂಟರಲ್ಲಿ ಒಂದಕ್ಕೆ ಹುಳ ಬಿತ್ತು, ಒಂದನ್ನು ಯಾರೋ ಕಿತ್ತರು. ಆರು ಬೀಜ ಕಟ್ಟಿದವು. ಬೀಜವನ್ನು ಎಲ್ಲಿ ಹಾಕಿದ ಎಂದು ತಮ್ಮ ನನಗೂ ಹೇಳಿಲ್ಲ.