ಮೂವತ್ತೆಂಟು ಮಕ್ಕಳ ಭಾರ

ಬೆಳಗಿನ ಎಂಟು ಗಂಟೆಗೆ ಶಾಲೆಯ ಬಸ್ಸಿನೊಳಗೆ ಒಂದು ವಾಸನೆ ಇರುತ್ತದೆ. ಕೊಬ್ಬರಿ ಎಣ್ಣೆ, ಚಿತ್ರಾನ್ನ, ಬೂಟ್ ಪಾಲಿಶ್, ಯಾವುದೋ ಚೀಲದ ತಳದಲ್ಲಿ ನಿನ್ನೆಯಿಂದ ಉಳಿದ ಬಾಳೆಹಣ್ಣು. ಇವತ್ತು ಮಳೆ ಹನಿಯಿತೆಂದು ಮಕ್ಕಳು ಕಿಟಕಿ ಮುಚ್ಚಿದ್ದರು, ವಾಸನೆ ನನ್ನ ಸೀಟಿನವರೆಗೂ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಚಿಕ್ಕಂದಿನಲ್ಲಿ ದೇವರ ಹತ್ತಿರ ಬೇಡಿಕೊಂಡಿದ್ದೇ ಇದನ್ನು, ಹಾಗಾಗಿ ನನಗೆ ಇದೇ ಗಂಧ.

ನಮ್ಮೂರು ಸಂಡೂರು ತಾಲ್ಲೂಕಿನ ವಡ್ಡು. ಶಾಲೆಗೆ ನಡೆದೇ ಹೋಗುತ್ತಿದ್ದೆವು. ದಾರಿಯಲ್ಲಿ ಯಾವುದೋ ಗಣಿ ಕಂಪನಿಯ ಶಾಲಾ ಬಸ್ಸು ನಮ್ಮ ಮೇಲೆ ಧೂಳು ಎರಚಿ ಮುಂದೆ ಹೋಗುತ್ತಿತ್ತು. ಜೊತೆಯ ಹುಡುಗರಿಗೆಲ್ಲ ಅದರಲ್ಲಿ ಕೂತು ಹೋಗುವ ಆಸೆ. ನನಗೆ ಅದನ್ನು ಓಡಿಸುವ ಆಸೆ. ಆ ಡ್ರೈವರು ಎರಡು ಸಲ ಹಾರನ್ ಹೊಡೆದರೆ ಸಾಕು, ಕಂಪನಿ ಕ್ವಾರ್ಟರ್ಸಿನ ಬಾಗಿಲುಗಳೆಲ್ಲ ತೆರೆದುಕೊಂಡು ತಾಯಂದಿರು ಕೈಯಲ್ಲಿ ಬಾಚಣಿಗೆ ಹಿಡಿದೇ ಓಡಿಬರುತ್ತಿದ್ದರು. ನಮ್ಮೂರಲ್ಲಿ ಹಿರಿಯರು ಕೂಗಿದರೂ ಯಾರೂ ಅಷ್ಟು ಬೇಗ ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಮಾಸ್ತರು ಕೇಳಿದಾಗ ಸಾಲಿ ಬಸ್ಸಿನ ಡ್ರೈವರ್ ಅಂದೆ. ಅವರು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚು ಎತ್ತರವಾಗಿತ್ತು, ಕಿಟಕಿಯಿಂದ ರಸ್ತೆ ಇನ್ನೂ ಚೆನ್ನಾಗಿ ಕಂಡಿತು.

ಓಡಿಸುವುದನ್ನು ಕಲಿತದ್ದು ಮಾತ್ರ ಅದಿರು ಲಾರಿಯಲ್ಲಿ. ಆಗ ಮೈನ್ಸ್ ಭರಾಟೆ. ಗುಡ್ಡದಿಂದ ಹೊಸಪೇಟೆಯವರೆಗೆ ಲಾರಿಗಳ ಸಾಲು, ಅದಿರಿನ ಧೂಳಿಗೆ ಎಮ್ಮೆಗೂ ಕೆಂಪು ಬಣ್ಣ, ಹಾಲಿನವನಿಗೂ ಕೆಂಪು ಬಣ್ಣ. ನನ್ನ ಸೋದರಮಾವ ಒಂದು ಲಾರಿ ಕೊಂಡು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಎರಡು ವರ್ಷ ಅವನ ಲಾರಿ ಓಡಿಸಿದೆ. ಆ ಹೊತ್ತಿಗೆ ಶಾಲೆಗಳ ಡ್ರೈವರುಗಳೆಲ್ಲ ಹೆಚ್ಚಿನ ಗಳಿಕೆಗೆಂದು ಮೈನ್ಸ್ ಕಡೆ ನಡೆದುಬಿಟ್ಟಿದ್ದರು. ಹೊಸಪೇಟೆಯ ಒಂದು ಶಾಲೆಯ ಅಂಗಳದಲ್ಲಿ ಹಳದಿ ಬಸ್ಸು ಡ್ರೈವರಿಲ್ಲದೆ ನಿಂತಿದೆ ಎಂಬ ಸುದ್ದಿ ಬಂತು. ಅವತ್ತೇ ಮಾವನ ಕೈಗೆ ಲಾರಿಯ ಕೀಲಿ ಕೊಟ್ಟೆ.

“ಊರೆಲ್ಲಾ ಗುಡ್ಡದ ಕಡೆ ಹೊಂಟೈತಿ, ನೀ ಒಬ್ಬಾವ ಸಾಲಿ ಕಡೆ ಹೊಂಟೀಯಲ್ಲಲೇ ಅಳಿಯಾ,” ಅಂದ ಮಾವ. “ಸಣ್ಣಾವಿದ್ದಾಗ ಇಷ್ಟು ಹುರುಪಿಂದ ಸಾಲಿಗೆ ಹೋಗಿದ್ರ ಇವತ್ತು ಸಾಹೇಬ ಆಗಿರ್ತಿದ್ದಿ.”

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಆ ಪೋರ ನಾನೇ. ಕಮಲಾಪುರದಿಂದ ಮಲಪನಗುಡಿ ಮೇಲೆ ಹೊಸಪೇಟೆಗೆ ನನ್ನ ರೂಟು. ಮೊದಲ ವಾರ ಎದೆಯುಬ್ಬಿಸಿಕೊಂಡು ಓಡಿಸಿದೆ. ಎರಡೆರಡು ಸಲ ಹಾರನ್ ಹೊಡೆದೆ, ತಾಯಂದಿರು ಓಡಿಬಂದರು. ಇಷ್ಟು ಸಂತೋಷ ಒಬ್ಬನಿಗೇ ಕೊಡಬಾರದು, ತಲೆಗೇರುತ್ತದೆ.

ಲಾರಿಯವನ ಕಾಲಿಗೆ ಗೊತ್ತಿರುವುದು ಎರಡೇ ವಿಷಯ: ತುಂಬಿದ ಗಾಡಿ, ಖಾಲಿ ಗಾಡಿ. ತುಂಬಿದ ಗಾಡಿ ಏರಿನಲ್ಲಿ ನರಳುತ್ತದೆ, ಬ್ರೇಕ್ ಒತ್ತಿದರೆ ಕೂಡಲೇ ನಿಲ್ಲುವುದಿಲ್ಲ, ಅದಕ್ಕೇ ಕಾಲು ತಾನಾಗಿ ಹುಷಾರಾಗುತ್ತದೆ. ಲೋಡ್ ಇಳಿಸಿ ತಿರುಗಿದರೆ ಮುಗಿಯಿತು, ಹಗ್ಗ ಬಿಚ್ಚಿದ ಕರು. ಮೂವತ್ತೆಂಟು ಮಕ್ಕಳು ಹತ್ತಿದರೂ ನನ್ನ ಬಸ್ಸು ನರಳಲಿಲ್ಲ. ಅಷ್ಟೂ ಮಕ್ಕಳನ್ನು ಸೇರಿಸಿದರೂ ಅದಿರಿನ ಲೋಡಿನ ಒಂದು ಮೂಲೆಗೆ ಸಾಲುವುದಿಲ್ಲ. ಇದು ಖಾಲಿ ಗಾಡಿ ಎಂದು ನನ್ನ ಕಾಲು ತೀರ್ಮಾನಿಸಿಬಿಟ್ಟಿತು. ಎರಡನೇ ಸೋಮವಾರ ಸಂಜೆ ಮಕ್ಕಳನ್ನು ಮನೆಗೆ ಬಿಡಲು ಹೋಗುವಾಗ ರೈಲ್ವೆ ಗೇಟಿನ ಹಳಿಗಳನ್ನು ಅದೇ ಓಟದಲ್ಲಿ ದಾಟಿಸಿದೆ. ಮಕ್ಕಳು ಸೀಟಿನಿಂದ ಮೇಲೆ ಹಾರಿ ಬಿದ್ದರು. ಮಲಪನಗುಡಿಯ ಶಿಲ್ಪಾ ಎಂಬ ಎರಡನೇ ಕ್ಲಾಸಿನ ಹುಡುಗಿಯ ಬಾಯಿ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಬಿಳಿ ಅಂಗಿಯ ಮೇಲೆ ರಕ್ತ. ಗಾಡಿ ಬದಿಗೆ ನಿಲ್ಲಿಸಿ ಅವಳ ಹತ್ತಿರ ಓಡಿದೆ. ಹೋದದ್ದು ಅಲುಗಾಡುತ್ತಿದ್ದ ಹಾಲುಹಲ್ಲು, ನಿಜ. ಆದರೆ ಅದು ನನ್ನ ಪುಣ್ಯವೇ ಹೊರತು ಜಾಣತನವಲ್ಲ.

ಸುದ್ದಿ ಶಾಲೆಗೆ ಮುಟ್ಟಿತು. “ಆ ಹುಡುಗಿ ಮನೆಯವರು ನಾಳೆ ಬ್ಯಾಡ ಅಂದ್ರ ಕೀಲಿ ಇಟ್ಟು ಹೋಗಪ್ಪಾ,” ಅಂದರು ಹೆಡ್ ಮೇಡಂ. ಇಪ್ಪತ್ತು ವರ್ಷದ ಆಸೆ ಒಂಬತ್ತು ದಿನಕ್ಕೆ ಮುಗಿಯುವ ಲಕ್ಷಣ ಕಂಡಿತು. ಭಾಳ ಅಂಜಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮರುದಿನ ಮಲಪನಗುಡಿಯಲ್ಲಿ ಶಿಲ್ಪಾಳ ಜೊತೆ ಅವಳ ಅಜ್ಜಿ ಗೌರಮ್ಮ ನಿಂತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮೊಮ್ಮಗಳ ಚೀಲ. ಬಾಳೆತೋಟದ ಆಳುಗಳೆಲ್ಲ ಅವರ ದನಿಗೆ ಹೆದರುತ್ತಾರೆಂದು ಕೇಳಿದ್ದೆ. ಬೈಯಲಿಲ್ಲ. “ಇವತ್ತು ನಾನೂ ಸಾಲಿಗೆ ಬರ್ತೀನಿ,” ಎಂದವರೇ ಹತ್ತಿ ನನ್ನ ಬೆನ್ನಿಗೇ ಕೂತರು.

ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಬಂದ್ ಮಾಡಿದೆ. ಹಿಂದಿನಿಂದ ದನಿ ಬಂತು.

“ಯಾಕಪಾ ಹಂಗ ಓಡಿಸಿದಿ?”

“ಲಾರಿ ಕಾಲು, ಅಜ್ಜಿ. ಹುಡುಗ್ರ ಭಾರ ತಿಳೀಲಿಲ್ಲ. ಖಾಲಿ ಗಾಡಿ ಅನ್ನಿಸ್ತು.”

“ಹೌದಾ? ಎದ್ದು ನಿಲ್ಲು.” ನಿಂತೆ. ಅಜ್ಜಿ ಶಿಲ್ಪಾಳನ್ನು ಎತ್ತಿ ನನ್ನ ತೋಳಿಗೆ ಹಾಕಿದರು. “ಹಿಡಿ. ಗೇಟ್ ತೆಗಿಯೋತನ ಇಳಿಸಬ್ಯಾಡ.”

ಗೂಡ್ಸ್ ಗಾಡಿ ಬಂತು. ಅದಿರು ತುಂಬಿದ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಅರ್ಧ ಗಾಡಿ ಹೋಗುವಷ್ಟರಲ್ಲಿ ನನ್ನ ಹೆಗಲು ಉರಿಯತೊಡಗಿತು. ಹುಡುಗಿ ನನ್ನ ಕೊರಳು ಹಿಡಿದುಕೊಂಡು, ಹಲ್ಲು ಹೋದ ಜಾಗದಲ್ಲಿ ನಾಲಿಗೆ ಆಡಿಸುತ್ತಾ ಕೂಗಿದಳು: “ಅಜ್ಜೀ, ಅಂಕಲ್ ಕೈ ನಡಗಾಕ ಹತ್ಯಾವ!” ಇಡೀ ಬಸ್ಸು ನಕ್ಕಿತು. ಅಜ್ಜಿ ನಗಲಿಲ್ಲ.

“ಖಾಲಿ ಐತೇನು ತಮ್ಮಾ?”

“ಇಲ್ಲ ಅಜ್ಜಿ.”

“ಇಂಥವು ಮೂವತ್ತೆಂಟು ಅದಾವ.”

ಗೇಟು ತೆರೆಯಿತು. ಹಳಿಗಳನ್ನು ಮೊದಲನೇ ಗೇರಿನಲ್ಲಿ ದಾಟಿಸಿದೆ. ಶಾಲೆಯಲ್ಲಿ ಹೆಡ್ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ಅಜ್ಜಿ ಇಳಿದು ಸೆರಗು ಝಾಡಿಸಿಕೊಂಡರು. “ಈತನ ಇರಲಿ ಬಿಡ್ರಿ. ಹೊಸಬನ್ನ ತಂದ್ರ ಅವಂಗೂ ನಾನ ಕಲಿಸಬೇಕು, ನನಗ ತ್ವಾಟದಾಗ ಕೆಲಸ ಐತಿ.”

ಅಜ್ಜಿ ಈಗಿಲ್ಲ. ಮೈನ್ಸ್ ಭರಾಟೆಯೂ ಇಳಿಯಿತು. ನಾನು ಮೂರನೇ ಬಸ್ಸು ಓಡಿಸುತ್ತಿದ್ದೇನೆ, ಈ ದಾರಿಯಲ್ಲಿ ನನ್ನಷ್ಟು ಮೆತ್ತಗೆ ಓಡಿಸುವವರು ಯಾರಿದ್ದಾರೆ ತೋರಿಸಿ. ಮಳೆಯಲ್ಲಿ ಇವತ್ತು ಹೊಸದಾಗಿ ಒಬ್ಬ ಹುಡುಗ ಶಾಲೆಗೆ ಹೊರಟಿದ್ದ, ಎಲ್‌ಕೆಜಿ. ಹೊಸಬರನ್ನು ಮೊದಲ ದಿನ ನಾನೇ ಇಳಿದು ಎತ್ತಿಕೊಳ್ಳುತ್ತೇನೆ.

“ನಿಮಗ್ಯಾಕ ತ್ರಾಸು, ನಾನ ಹತ್ತಸ್ತೀನಿ ಬಿಡ್ರಿ ಅಣ್ಣಾ,” ಅಂದಳು ಅವನ ತಾಯಿ.

“ಇಲ್ಲಮ್ಮಾ, ಕೊಡ್ರಿ ಇತ್ತ.”

ಬಸ್ಸು ಹತ್ತಿ, ತೋಳು ಸೋಲುವವರೆಗೆ ಅವನನ್ನು ಹಿಡಿದು ನಿಂತೆ. ಆಮೇಲೆ ಮುಂದಿನ ಸೀಟಿನಲ್ಲಿ ಕೂರಿಸಿ ಗಾಡಿ ತೆಗೆದೆ.